ಉತ್ತರದ ಬಾಣ

ಡನೀಡಿನ್ನಿನ ಈ ಬೀದಿಯಲ್ಲಿ ಕಾರು ನಿಲ್ಲಿಸಿದರೆ
ಚಕ್ರವನ್ನು ಕಟ್ಟೆಯ ಕಡೆ ತಿರುಗಿಸಿಡಬೇಕು,
ಇಲ್ಲವಾದರೆ ಬಂದರಿನ ತನಕ ಅದರದೇ ದಾರಿ.
ತಿರುಗಿಸಿ, ಟೇಪು, ಲೇಸರು, ನೆನೆಯದ ನೋಟ್‌ಬುಕ್ಕು ಹಿಡಿದು
ಮೂವತ್ತೇಳು ಮೆಟ್ಟಿಲು ಹತ್ತಿದೆ.
ನನ್ನ ನಕ್ಷೆಯಲ್ಲಿ ಮೆಟ್ಟಿಲೆಂದರೆ ಒತ್ತೊತ್ತಾಗಿ ಎಳೆದ ಗೆರೆ,
ಪಕ್ಕದಲ್ಲೊಂದು ಮಾತು: ಮೇಲಕ್ಕೆ.
ಏದುಸಿರಿಗೆ ಚಿಹ್ನೆ ಇಲ್ಲ.
ಕಾಗದದ ಮೇಲೆ ಎಲ್ಲರ ಅಂಗಳವೂ ಮಟ್ಟಸ.

ಮಾರಲಿರುವ ಮನೆಗಳ ಹೊರಗನ್ನು ಬರೆದುಕೊಡುವುದು ನನ್ನ ಕಸುಬು.
ಒಳಗಿನ ಕೋಣೆಗಳ ಲೆಕ್ಕ ಬೇರೆಯವರದು.
ನನ್ನದು ಹುಲ್ಲು, ಶೆಡ್ಡು, ನಲ್ಲಿ, ಬೇಲಿ, ಮರ.
ಮರವೆಂದರೆ ಹಸಿರು ವೃತ್ತ, ನಡುವೆ ಚುಕ್ಕೆ;
ಮೇಲಿಂದ ನೋಡುವ ಹಕ್ಕಿಗೆ ಅದು ಮರವೆಂದು ತಿಳಿಯದು,
ಕೊಳ್ಳುವವರಿಗೆ ಹೇಗೋ ತಿಳಿಯುತ್ತದೆ.

ಡೂಗಲ್ ಟುಲ್ಲಕ್, ರಾತ್ರಿ ಪಾಳಿಯ ಬಸ್ ಚಾಲಕ,
ನಿದ್ದೆಗಣ್ಣಲ್ಲೇ ಟೇಪಿನ ಆ ತುದಿ ಹಿಡಿದ.
ಬಿಗಿಯಾಗಿ, ಎಂದೆ. ಬಿಗಿದ.
ಡೆಕ್ಕು ಕಟ್ಟುವಾಗ ಆ ತುದಿ ಹಿಡಿದಿದ್ದವಳು
ಈಗ ವಕೀಲರ ಕೈಲಿ ಅರ್ಧ ಕೇಳಿಸುತ್ತಾಳೆ, ಎಂದ.
ದೂರುವ ದನಿಯಲ್ಲ,
ಮುಂದಿನ ನಿಲ್ದಾಣದ ಹೆಸರು ಹೇಳುವ ದನಿ.
ಆರು ಮೀಟರ್ ನಲವತ್ತು. ಬರೆದುಕೊಂಡೆ.

ಹುಲ್ಲಿನ ನಡುವೆ ಒಂದು ಹಳದಿ ಬಳೆ:
ಟ್ರ್ಯಾಂಪೊಲಿನ್ ಇದ್ದ ಜಾಗ.
ಇದನ್ನು ಹಾಕಬೇಡಿ, ಎಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು,
ಅಳತೆ ಬೇಕಾದರೆ ತೆಗೆದುಕೊಳ್ಳಿ, ಎಂದ.
ಅಡ್ಡಳತೆ ಮೂರೂವರೆ.
ನನ್ನ ಕಂಪ್ಯೂಟರಿನಲ್ಲಿ ಇಂಥವಕ್ಕೆಂದೇ ಒಂದು ಪದರ ಇದೆ.
ಅಳಿಸುವುದಿಲ್ಲ, ಮುಚ್ಚಿಡುತ್ತೇನೆ.
ಅಲ್ಲಿ ಯಾರದೋ ಕೋಳಿಗೂಡು, ಯಾರದೋ ನಾಯಿಯ ಗೋರಿ,
ಕಡಿದ ಪ್ಲಮ್ ಮರದ ಮೋಟು.

ಸಂಜೆ ಏಜೆಂಟ್ ರೋವೀನಾಳ ಫೋನು:
ಬಟ್ಟೆ ಒಣಗಿಸುವ ಕಂಬ ತೆಗೆಯಿರಿ.
ಹುಲ್ಲಿಗೆ ಇನ್ನೊಂದು ಚೂರು ಹಸಿರು.
ಮತ್ತೆ ಆ ಮ್ಯಾಕ್ರೊಕಾರ್ಪ ಸಾಲು ಪಕ್ಕದವರದಲ್ಲವೇ?
ಗಡಿಯಾಚೆಯದು ನಮಗ್ಯಾಕೆ?

ಯಾಕೆಂದರೆ, ರೋವೀನಾ, ಇದು ಭೂಮಿಯ ಕೆಳಮೈ.
ಇಲ್ಲಿ ಸೂರ್ಯ ಉತ್ತರದಿಂದ ಬಾಗಿ ನೋಡುತ್ತಾನೆ,
ಜುಲೈಯಲ್ಲಂತೂ ನೋಡಲೋ ಬೇಡವೋ ಎಂಬಂತೆ.
ಆ ಉತ್ತರಕ್ಕೇ ನಿಂತಿದೆ ಸಾಲು, ಒಂಬತ್ತು ಮೀಟರ್.
ಬೇರು ಆಚೆ, ನೆರಳು ಈಚೆ.
ನೆರಳಿಗೆ ಯಾವ ಸರ್ವೆಯವನೂ ಕಲ್ಲು ನೆಟ್ಟಿಲ್ಲ.
ನಡುಹಗಲಾದರೂ ಹುಲ್ಲಿನ ಮೇಲಿನ ಬಿಳಿ ಕರಗಿರಲಿಲ್ಲ,
ನನ್ನ ಬೂಟು, ಡೂಗಲನ ಚಪ್ಪಲಿ
ಅದರಲ್ಲಿ ಬೇಲಿಯ ತನಕ ಹೋಗಿ ಬಂದದ್ದು ಹಾಗೇ ಉಳಿದಿತ್ತು.

ಇದನ್ನೆಲ್ಲ ಹೇಳಲಿಲ್ಲ. ಸರಿ, ಎಂದೆ.
ಗಡಿಯ ಹೊರಗೆ ತೆಳುವಾಗಿ ಸಾಲು ಬರೆದು ಕಳಿಸಿದೆ.
ಅವಳು ಅಂಚು ಕತ್ತರಿಸಿದಳು.
ಬಾಣವನ್ನು ಮೂಲೆಗೆ ಸರಿಸಿ, ಚಿಕ್ಕದು ಮಾಡಿ, ಎಂದಳು.
ಮಾಡಿದೆ.
ತಿರುಗಿಸಿ ಎನ್ನಲಿಲ್ಲ, ಅಷ್ಟು ಮರ್ಯಾದೆ ಅವಳಿಗೂ ಇದೆ.
ಅಡಿಯಲ್ಲಿ ಎಂದಿನ ಸಾಲು:
ಅಂದಾಜಿಗೆ ಮಾತ್ರ, ನಂಬಿ ನಡೆಯಬಾರದು.
ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಭಾನುವಾರ, ಮನೆ ತೋರಿಸುವ ಹೊತ್ತು,
ಮರೆತುಬಂದ ಗೂಟ ತರಲು ಹೋದೆ
(ಗೂಟ ಹನ್ನೆರಡು ಡಾಲರಿನದು, ನೆಪ ಅಗ್ಗದ್ದೇ).
ಮೀನಿನ ಕಾರ್ಖಾನೆಯ ಜಾಕೀಟು ತೊಟ್ಟ ಹೆಂಗಸೊಬ್ಬಳು
ನನ್ನ ನಕ್ಷೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು,
ಮೊಂಡ ಬೀಗಕ್ಕೆ ಕೀಲಿ ಹೊಂದಿಸುವವಳಂತೆ,
ಕಾಗದದ ಮನೆ ಮನೆಯ ಮೇಲೆ ಕೂರುವ ತನಕ.
ಕೂತಿತು. ಚಿಕ್ಕ ಬಾಣದ ಗುಂಟ ತಲೆ ಎತ್ತಿದಳು.
ಯಾರನ್ನೂ ಕೇಳಲಿಲ್ಲ.
ಉತ್ತರ ಅಲ್ಲೇ ಇತ್ತು, ಒಂಬತ್ತು ಮೀಟರ್, ಕಡುಹಸಿರು.

ಆಮೇಲೆ ಮಗಳ ಕೈಬಿಟ್ಟು,
ನೆರಳು ಮುಗಿಯುವಲ್ಲಿಗೆ ಹೋಗಿ,
ಹಿಮ್ಮಡಿಯಿಂದ ಹುಲ್ಲಿನ ಮೇಲೊಂದು ಗೆರೆ ಎಳೆದಳು,
ಡೊಂಕು, ಅಳತೆ ಇಲ್ಲದ್ದು.
ಇಲ್ಲಿಂದ ಆಚೆಗೆ ಆಲೂಗಡ್ಡೆ, ಎಂದಳು.
ಈಚೆಗೆ?
ಈಚೆಗೆ ನೀನು.
ಹುಡುಗಿ ಆಗಲೇ ಆ ಹಳದಿ ಬಳೆಯೊಳಗೆ ನಿಂತು
ಎರಡು ಕಾಲೂ ಎತ್ತಿ ಜಿಗಿಯುತ್ತಿತ್ತು.